ಮೊದಲ ಸರದಿಯ ಆಟಗಾರ

ನಮ್ಮ ತಂಡ ಆ ವರ್ಷ ಲೀಗಿನಲ್ಲಿ ಆರನೆಯ ಸ್ಥಾನಕ್ಕೆ ಬಂತು. ಇದ್ದದ್ದೇ ಆರು ತಂಡ. ಕೊನೆಯ ಪಂದ್ಯ ಮುಗಿದು ಜನ ಗ್ಯಾಲರಿಯಿಂದ ಇಳಿಯುವಾಗ ಯಾರೂ ಬೈಯಲಿಲ್ಲ. ಬೈಯುವಷ್ಟು ಜನ ಉಳಿದಿರಲೂ ಇಲ್ಲ. ಅದೇ ತಿಂಗಳು ಲೀಗಿನವರು ಹೊಸ ನಿಯಮ ತಂದರು. ಇನ್ನು ಮುಂದೆ ಕ್ಲಬ್ಬುಗಳು ಹಣವಿದ್ದ ಹಾಗೆ ಆಟಗಾರರನ್ನು ಸೆಳೆದುಕೊಳ್ಳುವಂತಿಲ್ಲ, ಎಲ್ಲರ ಹೆಸರನ್ನೂ ಒಂದೇ ಪಟ್ಟಿಗೆ ಹಾಕಿ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಶಾಲೆಯ ಮೈದಾನದಲ್ಲಿ ಇಬ್ಬರು ಲೀಡರುಗಳು ನಿಂತು ಇವಳು ನನ್ನ ಕಡೆ, ಅವಳು ನಿನ್ನ ಕಡೆ ಎಂದು ಕರೆಯುತ್ತಿದ್ದರಲ್ಲ, ಅದೇ. ಇಲ್ಲಿ ಅದನ್ನು ಕೋಟು ಹಾಕಿಕೊಂಡು ಹೋಟೆಲಿನ ಹಾಲಿನಲ್ಲಿ ಕೂತು ಮಾಡುತ್ತಾರೆ. ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಹೀಗಾಗಿ, ಸೋತದ್ದರಿಂದಲೇ, ಎಲ್ಲರಿಗಿಂತ ಮೊದಲು ಬಾಯಿಬಿಟ್ಟು ಒಂದು ಹೆಸರು ಹೇಳುವ ಅವಕಾಶ ನಮ್ಮದಾಯಿತು.

ನಮ್ಮದು ಎಂದು ಬರೆದೆ. ನನಗೆ ಹಾಕಿಗೂ ಆ ಕ್ಲಬ್ಬಿಗೂ ಇರುವ ಸಂಬಂಧ ಇಷ್ಟೇ: ನಾವು ಬಂದು ನೆಲೆಸಿದ ಪರದೇಶದ ಊರು ಮೆಲಾಕಾದಲ್ಲಿ ಮಗಳು ಹೈಸ್ಕೂಲಿಗೆ ಹೋಗುವಾಗ ಶಾಲೆಯ ಹಾಕಿ ತಂಡಕ್ಕೆ ಸೇರಿದಳು. ಅವಳನ್ನು ಕರೆದುಕೊಂಡು ಹೋಗಿ, ಬಿಸಿಲಲ್ಲಿ ಕಾದು, ಕರೆದುಕೊಂಡು ಬರುವ ಕೆಲಸ ನನ್ನದು. ಕಾಯುವಾಗ ನೋಡುತ್ತ ನೋಡುತ್ತ ಆಟ ಅರ್ಥವಾಯಿತು. ಮಗಳು ಓದಿಗೆಂದು ಪೆನಾಂಗಿಗೆ ಹೋದಳು, ಸ್ಟಿಕ್ಕು ಬಾಗಿಲ ಹಿಂದೆ ಉಳಿಯಿತು, ನಾನು ಮಾತ್ರ ಪಂದ್ಯ ನೋಡುವುದನ್ನು ಬಿಡಲಿಲ್ಲ. ನಾನು ಉಡುಪಿಯ ಕಡೆಯವಳು, ವೃತ್ತಿಯಲ್ಲಿ ರೇಡಿಯಾಲಜಿಸ್ಟ್. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ವಾರದಲ್ಲಿ ಮೂರು ದಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗಳನ್ನು ಓದುತ್ತೇನೆ. ಗಂಡನಿಗೆ ಹಾಕಿಯೂ ಒಂದೇ, ಹಗ್ಗ ಎಳೆಯುವ ಪಂದ್ಯವೂ ಒಂದೇ.

ಗ್ಯಾಲರಿಯಲ್ಲಿ ನನಗೆ ಇಬ್ಬರು ಜೊತೆ. ಒಬ್ಬರು ಮಗಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಮೇಷ್ಟ್ರು, ಇಲ್ಲೇ ಹುಟ್ಟಿದ ತಮಿಳರು. ಹರೆಯದಲ್ಲಿ ರಾಜ್ಯದ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಅವರು ಇಂಗ್ಲಿಷಿಗೆ ತಮಿಳು ಸೇರಿಸಿ ಮಾತನಾಡುತ್ತಾರೆ, ನಾನು ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ವಾಕ್ಯದ ಕೊನೆಯ ‘ಲಾ’ ಮಾತ್ರ ಅವರದೇ. ಇನ್ನೊಬ್ಬ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಧಾರವಾಡದ ಇಂಜಿನಿಯರ್. ನನಗಿಂತ ಹದಿನೈದು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಎನ್ನುತ್ತಾನೆ. ಮೊದಲ ಸಲ ಅವನು ಫೋನಿನಲ್ಲಿ ಅಮ್ಮನ ಜೊತೆ ಮಾತನಾಡುವುದು ಹಿಂದಿನ ಸಾಲಿನಿಂದ ಕೇಳಿಸಿ, ತಿರುಗಿ ನೋಡಿ ಮಾತನಾಡಿಸಿದೆ. ಅವನು ಹಾಕಿ ಆಡಿದವನೇ ಅಲ್ಲ. ಆದರೆ ಯಾವ ಪಂದ್ಯದಲ್ಲಿ ಯಾರನ್ನು ಯಾವಾಗ ಹೊರಗೆ ಕರೆದರು ಎಂಬುದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದಿಡುತ್ತಿದ್ದ. ಏಕೆ ಎಂದು ಕೇಳಿದರೆ ಅವನಿಗೇ ಉತ್ತರ ಗೊತ್ತಿರಲಿಲ್ಲ.

ಡ್ರಾಫ್ಟಿಗೆ ಎರಡು ತಿಂಗಳಿರುವಾಗ ಕ್ಲಬ್ಬಿನವರು ಅಭಿಮಾನಿಗಳಿಗೆ ಒಂದು ಆಹ್ವಾನ ಕಳಿಸಿದರು. ನೀವಾಗಿದ್ದರೆ ಯಾರನ್ನು, ಯಾವ ಕ್ರಮದಲ್ಲಿ ಆರಿಸುತ್ತೀರಿ, ಏಕೆ ಎಂದು ಬರೆದು ಕಳಿಸಿ. ಒಳ್ಳೆಯ ಮೂರು ಯೋಜನೆಗಳನ್ನು ಬರೆದವರು ಬಂದು ಮ್ಯಾನೇಜರ್ ಎದುರು ಮಾತನಾಡಬಹುದು. ಜನ ಮತ್ತೆ ಗ್ಯಾಲರಿಗೆ ಬರಲಿ ಎಂಬ ಉಪಾಯ ಅದು, ನಮಗೂ ಗೊತ್ತಿತ್ತು. ಆದರೂ ಮೂವರೂ ಒಂದೇ ದಿನ ಒಬ್ಬರಿಗೊಬ್ಬರು ಸಂದೇಶ ಕಳಿಸಿಕೊಂಡೆವು.

ನಾಲ್ಕು ಶನಿವಾರ ಕೂತೆವು. ಜಾಗ, ಮೈದಾನದ ಹತ್ತಿರದ ಒಂದು ಮಾಮಾಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ಹೋಟೆಲು. ಅದು ಮೆಲಾಕಾಕ್ಕೂ ಸೈಬರ್‌ಜಯಾಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವುದರಿಂದ ಎರಡೂ ಕಡೆಯವರಿಗೆ ಅನುಕೂಲ. ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ ಹೋದರೆ ಫ್ಯಾನಿನ ಕೆಳಗಿನ ಮೇಜು ಸಿಗುತ್ತಿತ್ತು. ಮೇಷ್ಟ್ರು ಶಾಲೆಯ ಗೆರೆಪುಸ್ತಕ ತರುತ್ತಿದ್ದರು, ಇಂಜಿನಿಯರ್ ಲ್ಯಾಪ್‌ಟಾಪ್ ತರುತ್ತಿದ್ದ, ನಾನು ವಾರವಿಡೀ ಊಟದ ಬಿಡುವಿನಲ್ಲಿ ನೋಡಿದ ವಿಡಿಯೋಗಳ ಟಿಪ್ಪಣಿ ತರುತ್ತಿದ್ದೆ.

ಕೆಲಸ ನಾವು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆ ಒಂದನೆಯ ಸರದಿಯಿಂದ ಆರನೆಯದಕ್ಕೆ ಹೋಗುತ್ತದೆ, ಎರಡನೆಯ ಸುತ್ತಿನಲ್ಲಿ ಅಲ್ಲಿಂದಲೇ ಹಿಂದಕ್ಕೆ ತಿರುಗಿ ಬರುತ್ತದೆ. ಅಂದರೆ ನಾವು ಮೊದಲು ಒಬ್ಬನನ್ನು ಕರೆದ ಮೇಲೆ ಹತ್ತು ಹೆಸರು ಬೇರೆಯವರ ಪಾಲಾಗುವ ತನಕ ಬಾಯಿ ಮುಚ್ಚಿಕೊಂಡು ಕೂರಬೇಕು. ಆಮೇಲೆ ಒಟ್ಟಿಗೆ ಇಬ್ಬರು ಸಿಗುತ್ತಾರೆ. ಆದ್ದರಿಂದ ಯಾರು ಚೆನ್ನಾಗಿದ್ದಾರೆ ಎಂಬುದಕ್ಕಿಂತ ಅಲ್ಲಿಯವರೆಗೆ ಯಾರು ಉಳಿಯುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಇಂಜಿನಿಯರ್ ಬೇರೆ ಐದು ತಂಡಗಳ ಬುದ್ಧಿಯನ್ನೂ ತಾನೇ ಓಡಿಸಿ, ಇವರಿಗೆ ಎಡಗಡೆಯ ಡಿಫೆಂಡರ್ ಇಲ್ಲ, ಅವರ ಕೋಚಿಗೆ ಎತ್ತರದ ಆಟಗಾರರೆಂದರೆ ಆಸೆ ಎಂದು ಲೆಕ್ಕ ಹಾಕುತ್ತಿದ್ದ. ರೊಟ್ಟಿ ಚನಾಯ್ ಆರಿ ತೊಗಲಿನಂತಾದರೂ ಅವನಿಗೆ ಪರಿವೆ ಇರುತ್ತಿರಲಿಲ್ಲ.

ಜಗಳ ಬಂದದ್ದು ಮೊದಲ ಹೆಸರಿನ ಮೇಲೆ. ಮೇಷ್ಟ್ರಿಗೆ ಗೋಲ್‌ಕೀಪರ್ ಬೇಕು. ಆ ಪಟ್ಟಿಯಲ್ಲಿ ಒಬ್ಬ ಒಳ್ಳೆಯ ಕೀಪರ್ ಇದ್ದ, ನಮ್ಮ ತಂಡ ಸೋತದ್ದೂ ಹೆಚ್ಚಾಗಿ ಗೋಲಿನ ಬಾಯಲ್ಲೇ. ಇಂಜಿನಿಯರಿಗೆ ಮಿಡ್‌ಫೀಲ್ಡಿನ ಒಬ್ಬ ಬೇಕು. ನನ್ನ ಮನಸ್ಸಿನಲ್ಲಿದ್ದವನು ಪೆನಾಲ್ಟಿ ಕಾರ್ನರ್ ಹೊಡೆಯುವವನು. ಹಾಕಿ ನೋಡದವರಿಗಾಗಿ ಹೇಳುತ್ತೇನೆ: ಎದುರಾಳಿ ತಪ್ಪು ಮಾಡಿದಾಗ ಸಿಗುವ ಈ ಕಾರ್ನರಿನಲ್ಲಿ, ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದುಕೊಂಡು ಬಂದು ಇಡೀ ಮೈಯನ್ನು ತಿರುಚಿ ಗೋಲಿಗೆ ಎಸೆಯಬೇಕು. ಇದಕ್ಕೆ ಡ್ರ್ಯಾಗ್ ಫ್ಲಿಕ್ ಎಂದು ಹೆಸರು. ಅದನ್ನು ನಿಜವಾಗಿ ಬಲ್ಲವರು ಕೆಲವರೇ. ಇವನಿಗೆ ಇಪ್ಪತ್ತನಾಲ್ಕು ವರ್ಷ, ಬೇರೆ ರಾಜ್ಯದವನು.

ನಾನು ಇವನ ಪರವಾಗಿ ಚೆನ್ನಾಗಿಯೇ ವಾದ ಮಾಡಿದೆ. ಚಿತ್ರ ನೋಡುವುದು ನನ್ನ ಹೊಟ್ಟೆಪಾಡು; ಬೇರೆಯವರು ಒಂದು ಸಲ ನೋಡುವುದನ್ನು ನಾನು ಹತ್ತು ಸಲ ನಿಲ್ಲಿಸಿ ನೋಡುತ್ತೇನೆ. ಹಾಗೆ ನೋಡಿ ಒಂದು ವಿಷಯ ಕಂಡುಹಿಡಿದಿದ್ದೆ. ಋತುವಿನ ಕೊನೆಯ ಪಂದ್ಯಗಳಲ್ಲಿ ಅವನು ಮೊದಲಿಗಿಂತ ಒಂದು ಹೆಜ್ಜೆ ಕಡಿಮೆ ಹಾಕಿ ಹೊಡೆಯುತ್ತಿದ್ದ. ಇದರಿಂದ ಚೆಂಡು ಬೇಗ ಹೊರಡುತ್ತದೆ, ಕೀಪರನಿಗೆ ಅಂದಾಜು ಮಾಡಲು ಸಮಯ ಸಿಗುವುದಿಲ್ಲ, ಇವನು ಇನ್ನೂ ಕಲಿಯುತ್ತಿರುವ ಆಟಗಾರ ಎಂದು ನಾನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಇಂಜಿನಿಯರ್ ತಕ್ಷಣ ನನ್ನ ಕಡೆ ಬಂದ. ಮೇಷ್ಟ್ರು ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

“ಇಷ್ಟು ವರ್ಷ ಹಾಕಿದ ಹೆಜ್ಜೆಯನ್ನು ಒಬ್ಬ ಮನುಷ್ಯ ಯಾಕೆ ಬಿಡುತ್ತಾನೆ? ನನಗೆ ಅದು ಗೊತ್ತಾಗಬೇಕು ಲಾ,” ಎಂದರು.

ಹೊಸ ತಂತ್ರ ಸರ್ ಎಂದೆ ನಾನು. ಅವರು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ. ಕೈ ಎತ್ತಿ ತೀರ್ಮಾನ ಮಾಡಿದೆವು. ಇಬ್ಬರ ಕಡೆ ಒಂದು ಹೆಸರು, ಅವರದೊಬ್ಬರದು ಇನ್ನೊಂದು. ಗೆರೆಪುಸ್ತಕದಲ್ಲಿ ಮೇಷ್ಟ್ರೇ ಫ್ಲಿಕ್ಕರನ ಹೆಸರನ್ನು ಮೊದಲ ಸಾಲಿಗೆ ಬರೆದು, ಕೀಪರನನ್ನು ಹನ್ನೆರಡನೆಯ ಸರದಿಗೆ ಇಳಿಸಿ, ಅಷ್ಟರವರೆಗೆ ಅವನು ಉಳಿದರೆ ನಮ್ಮ ಪುಣ್ಯ ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಗೀಚಿದರು. ಯೋಜನೆ ಕಳಿಸಿದೆವು. ಹತ್ತು ದಿನದಲ್ಲಿ ಕ್ಲಬ್ಬಿನಿಂದ ಉತ್ತರ ಬಂತು. ಮೂರರಲ್ಲಿ ನಮ್ಮದೂ ಒಂದು. ಮುಂದಿನ ಶನಿವಾರ ಹನ್ನೊಂದು ಗಂಟೆಗೆ ಕ್ಲಬ್ಬಿನ ಕಚೇರಿಗೆ ಬರಬೇಕು.

ಆ ಸಂತೋಷವನ್ನು ಹೇಗೆ ಹೇಳುವುದು? ಪ್ರೊಫೆಸರ್ ಆದಾಗಲೂ ನಾನು ಮಗಳಿಗೆ ಅಷ್ಟು ಬೇಗ ಫೋನ್ ಮಾಡಿರಲಿಲ್ಲ.

ಮಂಗಳವಾರ ಆಸ್ಪತ್ರೆಯಲ್ಲಿ ಬೆಳಗಿನ ಪಟ್ಟಿಯ ಏಳನೆಯ ಸ್ಕ್ಯಾನ್ ತೆರೆದೆ. ಹೆಸರನ್ನು ನಾನು ಮೊದಲು ಓದುವುದಿಲ್ಲ, ವಯಸ್ಸು ಮತ್ತು ತೊಂದರೆಯನ್ನು ಓದುತ್ತೇನೆ. ಇಪ್ಪತ್ತನಾಲ್ಕು, ಗಂಡು, ವೃತ್ತಿಪರ ಹಾಕಿ ಆಟಗಾರ, ತಿಂಗಳುಗಳಿಂದ ನೋವು ಎಂದಿತ್ತು. ಆಮೇಲೆ ಹೆಸರು ನೋಡಿದೆ. ಗೊತ್ತಿರುವವರ ಕಣ್ಣು ತಪ್ಪಿಸಲು ತನ್ನ ಊರು ಬಿಟ್ಟು ನಮ್ಮಲ್ಲಿಗೆ ಬಂದಿರಬೇಕು.

ಯಾವ ಜಾಗದ ಪೆಟ್ಟು ಎಂದು ಈಗಲೂ ಬರೆಯುವುದಿಲ್ಲ. ಆಮೇಲೆ ಅವನೇ ಅದನ್ನು ಎಲ್ಲರ ಎದುರು ಹೇಳಿದ. ಇದನ್ನು ಬರೆಯುವ ಮುಂಚೆ ನಾನು ಅವನಿಗೆ ಪತ್ರ ಬರೆದು ಕೇಳಿದೆ. ಬರೆಯಿರಿ, ಹೆಸರು ಮಾತ್ರ ಬೇಡ ಎಂದು ಎರಡು ಸಾಲಿನ ಉತ್ತರ ಬಂತು. ಆದರೂ ಆ ಚಿತ್ರ ಅವನದು, ನನ್ನದಲ್ಲ. ಇಷ್ಟು ಹೇಳಬಹುದು: ವರ್ಷಗಟ್ಟಲೆ ಮೈ ತಿರುಚಿ ಹೊಡೆಯುವವರಿಗೆ ಅಲ್ಲಿ ಮೂಳೆ ಬಿರಿಯುವುದು ಹೊಸದಲ್ಲ, ಇವನದು ಹೊಸದಾಗಿ ಬಿರಿದದ್ದೂ ಅಲ್ಲ. ಒಂದು ಋತು ಆಡುವ ಪ್ರಶ್ನೆಯೇ ಇರಲಿಲ್ಲ. ಮತ್ತೆ ಅದೇ ರೀತಿ ಹೊಡೆಯುವುದು ಸಾಧ್ಯವೇ ಎಂಬುದು ನನ್ನ ವರದಿಗೆ ಮೀರಿದ ಮಾತು.

ನಾನು ವರದಿ ಬರೆದೆ. ಎಂದಿಗಿಂತ ನಿಧಾನವಾಗಿ ಬರೆದು, ಎರಡು ಸಲ ಓದಿ ಸಹಿ ಮಾಡಿದೆ. ಮುಂದಿನ ಸ್ಕ್ಯಾನ್ ತೆರೆಯುವ ಮುಂಚೆ ಎದ್ದು ಹೋಗಿ ನೀರು ಕುಡಿದೆ. ಆಗ ಆ ಹೆಜ್ಜೆ ನೆನಪಾಯಿತು. ನಾನು ಹೊಸ ತಂತ್ರ ಎಂದು ಲ್ಯಾಪ್‌ಟಾಪಿನಲ್ಲಿ ಬೆರಳಿಟ್ಟು ತೋರಿಸಿದ್ದು ಒಬ್ಬ ಹುಡುಗ ನೋವು ತಪ್ಪಿಸಿಕೊಳ್ಳುವುದನ್ನು. ಮೂಳೆ ಓದುವ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳಿಗೆ ಅದು ಹೊಳೆಯಲಿಲ್ಲ, ಏಕೆಂದರೆ ನಾನು ಡಾಕ್ಟರಾಗಿ ನೋಡುತ್ತಿರಲಿಲ್ಲ, ಅವನು ನಮ್ಮ ತಂಡಕ್ಕೆ ಬೇಕು ಎಂದು ನೋಡುತ್ತಿದ್ದೆ.

ಈಗ ಏನು ಮಾಡುವುದು? ಯಾರಿಗೂ ಹೇಳುವಂತಿಲ್ಲ, ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಆದರೆ ಶನಿವಾರ ಮ್ಯಾನೇಜರ್ ಎದುರು ಕೂತು ಇವನನ್ನೇ ಮೊದಲು ತೆಗೆದುಕೊಳ್ಳಿ ಎಂದರೆ ಸುಳ್ಳು. ಬೇಡ ಎಂದರೆ ಅವನ ಗುಟ್ಟು ಬಿಟ್ಟುಕೊಟ್ಟ ಹಾಗೆ. ಸುಮ್ಮನೆ ಕೂತರೂ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಗಂಡನಿಗೆ ಹೆಸರು, ವಿಷಯ ಯಾವುದನ್ನೂ ಹೇಳದೆ, ಒಂದು ಕಡೆ ಹೋಗದೆ ಇರುವುದೇ ಒಳ್ಳೆಯದು ಅನಿಸುತ್ತಿದೆ ಎಂದೆ. ಅವರು, ಹಾಗಾದರೆ ಹೋಗಬೇಡ, ಬದಲಿಗೆ ಶನಿವಾರ ನಲ್ಲಿ ರಿಪೇರಿಯವನು ಬರುತ್ತಾನೆ, ಮನೆಯಲ್ಲಿರು ಎಂದರು.

ಬುಧವಾರ ಬೆಳಿಗ್ಗೆ ಇಬ್ಬರಿಗೂ ಸಂದೇಶ ಕಳಿಸಿದೆ. ಕಾಲೇಜಿನಲ್ಲಿ ಪರೀಕ್ಷೆ ಇದೆ, ಶನಿವಾರ ಬರಲಿಕ್ಕಾಗುವುದಿಲ್ಲ, ಯೋಜನೆಯಿಂದ ನನ್ನ ಹೆಸರನ್ನೂ ತೆಗೆದುಬಿಡಿ. ಹೆಸರು ತೆಗೆಯಿರಿ ಎಂಬ ಮಾತು ಬರೆಯಬಾರದಿತ್ತು. ಪರೀಕ್ಷೆ ಇದ್ದವರು ಹೆಸರು ಏಕೆ ತೆಗೆಸುತ್ತಾರೆ?

ಇಂಜಿನಿಯರ್ ಹತ್ತು ನಿಮಿಷದಲ್ಲಿ ಫೋನ್ ಮಾಡಿದ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು. ಮೊದಲ ಹೆಸರಿನ ಬಗ್ಗೆ ಮಾತನಾಡಬೇಕಾದವರು ನೀವು, ವಿಡಿಯೋ ನಿಮ್ಮದು, ನಾನು ಅಲ್ಲಿ ನಿಂತು ಏನು ಹೇಳಲಿ ಎಂದ. ಪರೀಕ್ಷೆಯನ್ನು ಬೇರೆಯವರಿಗೆ ವಹಿಸಲು ಆಗುವುದಿಲ್ಲವೇ ಎಂದು ಕೇಳಿದ. ಆಗುವುದಿಲ್ಲ ಎಂದೆ. ಆ ಶನಿವಾರ ಯಾವ ಪರೀಕ್ಷೆಯೂ ಇರಲಿಲ್ಲ.

ಮೇಷ್ಟ್ರು ಫೋನ್ ಮಾಡಲಿಲ್ಲ. ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿಕೊಂಡು, ಊಟದ ತಟ್ಟೆ ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳಲು ಬಂದೆ ಎಂದರು. ಅವರ ಮಾತ್ರೆ ಅವರ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲೇ ಸಿಗುತ್ತದೆ. ಮಗಳ ಓದು, ಹವೆ, ಮೈದಾನದ ನೀಲಿ ಟರ್ಫ್ ಹರಿದಿರುವುದು ಎಲ್ಲ ಮಾತನಾಡಿದರು. ತಟ್ಟೆ ಖಾಲಿಯಾದ ಮೇಲೆ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ ಹೇಳಿದರು.

“ಡಾಕ್ಟರಮ್ಮಾ, ನಾನು ಒಂದು ಹೇಳುತ್ತೇನೆ. ಉತ್ತರ ಬೇಡ ಲಾ. ಮೂರನೆಯ ಶನಿವಾರ ನಾನು ಒಂದು ಪ್ರಶ್ನೆ ಕೇಳಿದ್ದೆ, ಆ ಹೆಜ್ಜೆಯದು. ಅದು ನನ್ನ ಪ್ರಶ್ನೆ. ಆವತ್ತೇ ಕೇಳಿದ್ದು.”

“ಹೌದು ಸರ್, ಆವತ್ತು ಕೇಳಿದ್ರಿ.”

“ಹಾಗಾದರೆ ನಾಡಿದ್ದು ಅದನ್ನು ಕೇಳಲಿಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ.”

ನಾನು ಬೇಡ ಎನ್ನಲಿಲ್ಲ, ಕೇಳಿ ಎನ್ನಲೂ ಇಲ್ಲ. “ಸರ್, ನಾನು ಆ ಯೋಜನೆಯಲ್ಲಿ ಇಲ್ಲ. ನನ್ನ ಹತ್ರ ಆ ವಿಷಯ ಮಾತಾಡ್ಬೇಡಿ,” ಎಂದೆ. ಅವರು ತಲೆಯಾಡಿಸಿ, ಕ್ಯಾಂಟೀನಿನ ಮೀನು ಸಾರಿಗೆ ಹುಣಸೆಹುಳಿ ಹೆಚ್ಚಾಗಿದೆ ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ನಾನು ಬಾಯಿ ಬಿಡಲಿಲ್ಲ, ನಿಜ. ಆದರೆ ಹಿಂದೆ ಸರಿದದ್ದರಿಂದಲೇ ಅವರಿಗೆ ಏನೋ ತಿಳಿಯಿತಲ್ಲ? ಅವರು ಗೋಲಿನಲ್ಲಿ ನಿಂತು, ಎದುರಿನವರು ಹೊಡೆಯುವ ಮುಂಚೆಯೇ ಭುಜ ನೋಡಿ ದಿಕ್ಕು ಹೇಳುತ್ತಿದ್ದವರು. ಅವರ ಮುಂದೆ ನಾನು ಅಡಗಿಸಿಟ್ಟದ್ದು ಎಷ್ಟು? ಅಂದು ಸಂಜೆ ಹೆದ್ದಾರಿಯ ಹತ್ತಿರದ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ನಿಂತಿದ್ದೆ, ಹಿಂದಿನವರು ಹಾರ್ನ್ ಮಾಡಬೇಕಾಯಿತು.

ಶನಿವಾರ ನಡೆದದ್ದು ನನಗೆ ಅವರಿಬ್ಬರೂ ಬೇರೆ ಬೇರೆಯಾಗಿ ಹೇಳಿ ಗೊತ್ತು. ಮ್ಯಾನೇಜರ್ ಒಂದು ಕಾಲದಲ್ಲಿ ತಾನೇ ಆಡಿದ ಹೆಂಗಸು, ಕಡಿಮೆ ಮಾತಿನವರು. ಇಂಜಿನಿಯರ್ ಇಪ್ಪತ್ತು ನಿಮಿಷ ಲ್ಯಾಪ್‌ಟಾಪ್ ತೋರಿಸಿ ಮಾತನಾಡಿದ, ನನ್ನ ವಿಡಿಯೋವನ್ನೂ ಹಾಕಿದ, ಹೊಸ ತಂತ್ರದ ಮಾತನ್ನೂ ನನ್ನ ಹಾಗೆಯೇ ಹೇಳಿದ. ಅವರು ಕೇಳಿಸಿಕೊಂಡು, ಬರೆದುಕೊಂಡು, ಆಮೇಲೆ ಮೇಷ್ಟ್ರ ಕಡೆ ತಿರುಗಿ ನೀವೇಕೆ ಮಾತನಾಡುತ್ತಿಲ್ಲ ಎಂದರಂತೆ. ನನ್ನ ಆಯ್ಕೆ ಗೋಲ್‌ಕೀಪರ್ ಆಗಿತ್ತು, ಮೂವರಲ್ಲಿ ನಾನೊಬ್ಬನೇ ಬೇರೆ, ಹಾಗಾಗಿ ಸೋತೆ, ಪಟ್ಟಿ ಅದೇ ಎಂದರಂತೆ ಮೇಷ್ಟ್ರು. ನಿಮಗೆ ಏನಾದರೂ ಅನುಮಾನವಿದೆಯೇ ಎಂದು ಅವರು ಮತ್ತೆ ಕೇಳಿದಾಗ, ಅನುಮಾನವಲ್ಲ, ಒಂದು ಪ್ರಶ್ನೆ, ಇವನು ಒಂದು ಹೆಜ್ಜೆ ಏಕೆ ಬಿಟ್ಟ ಎಂದಷ್ಟೇ ಹೇಳಿದರಂತೆ. ಮ್ಯಾನೇಜರ್ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿದರು. ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ. ಚಹಾ, ಕೇಕು, ಮೂವರಿಗೂ ಒಂದೊಂದು ತಂಡದ ಅಂಗಿ. ನನ್ನದನ್ನು ಇಂಜಿನಿಯರ್ ತನ್ನ ಕಾರಿನಲ್ಲಿಟ್ಟುಕೊಂಡ.

ಡ್ರಾಫ್ಟಿನ ಹಿಂದಿನ ದಿನ, ಮಧ್ಯಾಹ್ನದ ಹೊತ್ತಿಗೆ, ಆ ಆಟಗಾರ ತಾನಾಗಿಯೇ ಪಟ್ಟಿಯಿಂದ ಹೊರಬಂದ. ಪೆಟ್ಟಾಗಿದೆ, ಒಂದು ವರ್ಷ ಆಡುವುದಿಲ್ಲ, ಯಾವ ತಂಡದ ಸರದಿಯನ್ನೂ ಹಾಳು ಮಾಡಲು ಇಷ್ಟವಿಲ್ಲ ಎಂದು ಫೋನಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೋದಲ್ಲಿ ಹೇಳಿದ. ಒಂದು ಕ್ಲಬ್ಬಿನವರು ಕರೆದು ನೇರವಾಗಿ ಕೇಳಿದರು, ಕೇಳಿದ ಮೇಲೆ ಮುಚ್ಚಿಡಲು ಆಗಲಿಲ್ಲ ಎಂದೂ ಹೇಳಿದ. ಯಾವ ಕ್ಲಬ್ ಎಂದು ಹೇಳಲಿಲ್ಲ. ನಾನು ಅದನ್ನು ಎರಡು ಸ್ಕ್ಯಾನ್‌ಗಳ ನಡುವೆ ನೋಡಿದೆ. ಅವನ ಹಿಂದೆ ಒಂದು ಅಡುಗೆಮನೆ ಕಾಣುತ್ತಿತ್ತು, ಯಾರೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವನ ಮುಖದಲ್ಲಿ ದುಃಖ ಇತ್ತು, ಆದರೆ ಭಾರ ಇಳಿಸಿದವನ ಹಾಗೂ ಇದ್ದ.

ಇಂಜಿನಿಯರ್ ಸಂಜೆ ಆರಕ್ಕೆ ಫೋನ್ ಮಾಡಿದ. ಅವನು ದಿನಾಂಕಗಳನ್ನು ಜೋಡಿಸಿ ನೋಡುವ ಕೆಲಸದವನು, ಅವನಿಂದ ಇದು ತಪ್ಪಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಅಕ್ಕಾರ, ನಿಮಗ ಮೊದಲ ಗೊತ್ತಿತ್ತು, ಹೌದಲ್ರೀ?”

“ಅದು ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ.”

“ಪರೀಕ್ಷಾ ಗಿರೀಕ್ಷಾ ಏನೂ ಇರಲಿಲ್ಲ. ನಾ ಅಲ್ಲಿ ನಿಂತು ಇಪ್ಪತ್ ನಿಮಿಷ ಅಂವನ ಹೊಗಳಿದ್ನಿ. ಆಕಿ ನನ್ನ ಮುಖ ನೋಡಕೋತ ಕುಂತಿದ್ರು. ನಮಗ ಒಂದು ಮಾತು ಹೇಳಿದ್ರ ಏನಾಗ್ತಿತ್ತರೀ? ನಾ ಯಾರ ಮುಂದ ಹೇಳ್ತಿದ್ನಿ?”

“ಯಾರಿಗೂ ಹೇಳ್ತಿರ್ಲಿಲ್ಲ, ನನಗೆ ಗೊತ್ತು. ಆದ್ರೂ ಆಗುದಿಲ್ಲ.”

“ಮ್ಯಾಚಿಗೆ ಕೂಡಿ ಹೋಗೂ ಮಂದಿಗೂ ಆಗೂದಿಲ್ಲೇನು?”

“ಗಂಡನಿಗೂ ಹೇಳಿಲ್ಲ.”

ಅವನು ಇಡ್ತೀನ್ರೀ ಎಂದು ಫೋನ್ ಇಟ್ಟ. ಪರೀಕ್ಷೆಯ ಸುಳ್ಳು ಅವನಿಗೆ ಹೆಚ್ಚು ನೋವು ಮಾಡಿತ್ತು ಎಂದು ನನಗೆ ಆಮೇಲೆ ಅರ್ಥವಾಯಿತು. ಹೇಳಲಾಗದ ವಿಷಯವಿದೆ ಎಂದಷ್ಟೇ ಅಂದಿದ್ದರೆ ಅವನು ಊಹಿಸುತ್ತಿದ್ದ, ಅದಕ್ಕೇ ಹಾಗೆ ಅನ್ನಲಿಲ್ಲ. ಹಾಗೆಂದು ಸುಳ್ಳು ಸುಳ್ಳಲ್ಲದೆ ಹೋಗುತ್ತದೆಯೇ? ಮಗಳಿಗೆ, ಹೆಸರಿಲ್ಲದೆ, ಒಬ್ಬ ಸ್ನೇಹಿತನಿಗೆ ಸುಳ್ಳು ಹೇಳಬೇಕಾಯಿತು ಎಂದೆ. “ದೆನ್ ಸೇ ಸಾರಿ ಫಾರ್ ದ ಲೈ ಮಾ, ನಾಟ್ ಫಾರ್ ದ ಸೀಕ್ರೆಟ್,” ಎಂದಳು. ನಾನು ಬರೆದು ಅಳಿಸಿ ಬರೆದು, ಕೊನೆಗೆ ಅವಳು ಹೇಳಿದಷ್ಟನ್ನೇ ಅವನಿಗೆ ಕನ್ನಡದಲ್ಲಿ ಕಳಿಸಿದೆ. ಅವನು ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಡ್ರಾಫ್ಟನ್ನು ನಾನು ಮತ್ತು ಮೇಷ್ಟ್ರು ಅದೇ ಮಾಮಾಕ್ ಅಂಗಡಿಯಲ್ಲಿ ಫೋನಿನಲ್ಲಿ ನೋಡಿದೆವು. ಮೊದಲ ಸರದಿ ಬಂದಾಗ ಮೇಷ್ಟ್ರು ತೇ ತಾರಿಕ್ ಚಹಾದ ಲೋಟವನ್ನು ಕೆಳಗಿಟ್ಟರು. ನಮ್ಮ ಮ್ಯಾನೇಜರ್ ಎದ್ದು ನಿಂತು ಹೇಳಿದ್ದು ಒಬ್ಬ ಡಿಫೆಂಡರನ ಹೆಸರು. ಅವನು ನಮ್ಮ ಮೂವರಲ್ಲಿ ಯಾರ ಪಟ್ಟಿಯ ತಲೆಯಲ್ಲೂ ಇರಲಿಲ್ಲ. ಇಂಜಿನಿಯರ್ ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಬರೆದಿದ್ದ. ಮೇಷ್ಟ್ರ ಕೀಪರನನ್ನು ಮೂರನೆಯ ಸರದಿಯ ತಂಡ ಕರೆದುಕೊಂಡು ಹೋಯಿತು. ಎಲ್ಲ ಮುಗಿದಾಗ ನಮ್ಮ ಪಟ್ಟಿಯ ಹನ್ನೆರಡು ಹೆಸರುಗಳಲ್ಲಿ ನಾಲ್ಕು ಮಾತ್ರ ನಮ್ಮ ತಂಡಕ್ಕೆ ಬಂದಿದ್ದವು. ಎಂಟು ವಾರದ ಚರ್ಚೆಗೆ ಇಷ್ಟು ಸಾಕು ಎಂದರು ಮೇಷ್ಟ್ರು. ನಾಲ್ಕೇ ವಾರ ಸರ್ ಎಂದೆ. ಮನೆಯಲ್ಲಿ ಒಬ್ಬನೇ ಚರ್ಚಿಸಿದ್ದೂ ಸೇರಿ ಎಂದರು. ಮನೆಗೆ ರೊಟ್ಟಿ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ಹೊರಟರು. ಆ ಪ್ರಶ್ನೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮ್ಯಾನೇಜರ್ ಕರೆದು ಕೇಳಿದ್ದು ನಮ್ಮ ಮೇಷ್ಟ್ರ ಮಾತಿನಿಂದಲೋ, ಅಥವಾ ಆಡಿದವರ ಕಣ್ಣಿಗೆ ಅದು ಮೊದಲೇ ಬಿದ್ದಿತ್ತೋ, ಅಥವಾ ಕೇಳಿದ ಕ್ಲಬ್ಬೇ ಬೇರೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಋತು ಶುರುವಾದಾಗ ಇಂಜಿನಿಯರ್ ಮೊದಲ ಎರಡು ಪಂದ್ಯಕ್ಕೆ ಬರಲಿಲ್ಲ. ಮೂರನೆಯದಕ್ಕೆ ಬಂದು, ಗೇಟಿನ ಹತ್ತಿರ, ಮಡಚಿದ ಅಂಗಿಯನ್ನು ನನ್ನ ಕೈಗೆ ಕೊಟ್ಟು, “ಸೈಜ್ ದೊಡ್ಡದ ಐತ್ರಿ, ನೋಡ್ರಿ,” ಎಂದ. ನಾನು ಅದನ್ನು ಚೂಡಿದಾರದ ಮೇಲೆಯೇ ಹಾಕಿಕೊಂಡೆ. ಆಟ ಶುರುವಾಗಲು ಇನ್ನೂ ಸಮಯವಿತ್ತು, ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಪೊಟ್ಟಣ ಮಾರುವ ಹೆಂಗಸಿನ ಮುಂದೆ ಸಾಲಿನಲ್ಲಿ ನಿಂತೆವು.

ನಮ್ಮ ಮುಂದೆ ಇದ್ದವನು ತಿರುಗಿ ನೋಡಿ, ಪಕ್ಕಕ್ಕೆ ಸರಿದು, “ಆಂಟಿ, ಯೂ ಗೋ ಫಸ್ಟ್ ಲಾ,” ಎಂದ. ಅವನೇ, ನಮ್ಮ ಪಟ್ಟಿಯ ಮೊದಲ ಹೆಸರಿನ ಫ್ಲಿಕ್ಕರ್. ಟೊಪ್ಪಿ ಹಾಕಿದ್ದ, ಗಡ್ಡ ಬಿಟ್ಟಿದ್ದ. ಲೀಗಿನ ಯಾವ ತಂಡಕ್ಕೂ ಸೇರದವನು ಟಿಕೆಟ್ ತೆಗೆದುಕೊಂಡು ಪಂದ್ಯ ನೋಡಲು ಬಂದಿದ್ದ. ಅವನ ಮೂಳೆಗಳನ್ನು ನಾನು ಪದರ ಪದರವಾಗಿ ನೋಡಿದ್ದೇನೆ, ಅವನಿಗೆ ನಾನು ಅಂಗಿ ಹಾಕಿಕೊಂಡ ಒಬ್ಬ ಆಂಟಿ. ನಿಲ್ಲುವಾಗ ಭಾರವನ್ನು ಎರಡು ಕಾಲಿಗೂ ಸಮವಾಗಿ ಹಾಕಿದ್ದ. ಅದನ್ನು ನೋಡಿ ನನಗೆ ಸಂತೋಷವಾಯಿತು, ಮುಖ ತಿರುಗಿಸಿಕೊಂಡೆ. ಥ್ಯಾಂಕ್ಸ್ ಎಂದು ಹೇಳಿ ಮುಂದೆ ಹೋದೆ.

ಇಂಜಿನಿಯರಿಗೂ ಗುರುತು ಸಿಕ್ಕಿತ್ತು. ಎಂದಿನ ಅವನಾಗಿದ್ದರೆ ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಹೇಗಿದ್ದೀರಿ, ಯಾವಾಗ ಆಡುತ್ತೀರಿ ಎಂದೆಲ್ಲ ಕೇಳುತ್ತಿದ್ದ. ಅವನು ನನ್ನ ಕಡೆ ಒಮ್ಮೆ ನೋಡಿದ, ಆ ಹುಡುಗನ ಕಡೆ ಒಮ್ಮೆ ನೋಡಿದ, ಆಮೇಲೆ ಪೊಟ್ಟಣಗಳನ್ನು ಎತ್ತಿಕೊಂಡು, ಮೇಷ್ಟ್ರಿಗೆ ಖಾರ ಕಡಿಮೆ ಇರುವುದು ಬೇಕು ಎಂದು ಮಾರುವವಳಿಗೆ ನೆನಪಿಸಿದ.

ಗ್ಯಾಲರಿ ಹತ್ತುವಾಗ, “ತಪ್ ತಿಳ್ಕೊಂಡಿದ್ನಿ ಅಂತ ಅಲ್ಲರೀ ಅಕ್ಕಾರ, ಸಿಟ್ ಬಂದಿತ್ತು, ಅಷ್ಟ,” ಎಂದ.

“ಬರ್ಬೇಕಾದ್ದೇ,” ಎಂದೆ.

ಮೇಷ್ಟ್ರು ಆಗಲೇ ಮೂರು ಜಾಗ ಹಿಡಿದು, ಪಕ್ಕದ ಎರಡು ಕುರ್ಚಿಗಳ ಮೇಲೆ ಛತ್ರಿ, ಪತ್ರಿಕೆ ಇಟ್ಟು ಕೂತಿದ್ದರು. ಅಂದಿನ ಎದುರಾಳಿ ತಂಡದ ಗೋಲಿನಲ್ಲಿ ನಿಂತಿದ್ದವನು ಅವರು ಬೇಕೆಂದಿದ್ದ ಕೀಪರ್. ಮೊದಲಾರ್ಧದಲ್ಲಿ ಅವನು ನಮ್ಮ ಎರಡು ಪೆನಾಲ್ಟಿ ಕಾರ್ನರ್ ತಡೆದ. ಎರಡು ಸಲವೂ ಮೇಷ್ಟ್ರು ಚಪ್ಪಾಳೆ ತಟ್ಟಿದರು, ಸುತ್ತಲಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಕೊನೆಯ ನಿಮಿಷಗಳಲ್ಲಿ, ಮೊದಲ ಸರದಿಯಲ್ಲಿ ಬಂದ ನಮ್ಮ ಡಿಫೆಂಡರ್ ಮೇಲೆ ಓಡಿ ಬಂದು ಒಂದು ಗೋಲು ಹೊಡೆದ. ಒಂದು ಒಂದು ಸಮವಾಯಿತು. ಇಂಜಿನಿಯರ್ ಲ್ಯಾಪ್‌ಟಾಪ್ ತಂದಿರಲಿಲ್ಲ, ಫೋನಿನಲ್ಲಿ ಬರೆದುಕೊಳ್ಳುತ್ತ, ಯಾರನ್ನು ಯಾವ ನಿಮಿಷಕ್ಕೆ ಹೊರಗೆ ಕರೆದರು ಎಂದು ನನ್ನನ್ನು ಕೇಳುತ್ತಿದ್ದ. ನಾನು ಗೊತ್ತಿದ್ದಷ್ಟು ಹೇಳಿದೆ.